ಮೈಬೂಬನ ಸಾಕ್ಷಿ

ಮೈಬೂಬ ಮಿಲಿಟರಿಯಿಂದ ರಜೆಯ ಮೇಲೆ ಕನ್ನೊಳ್ಳಿಗೆ ಬಂದ ಎರಡನೆಯ ದಿನ ಅವನ ತಾಯಿ ಪೀರಬಿ ಊರಿನ ಸುದ್ದಿ ಹೇಳುತ್ತ, ಮಾಳಿಂಗಪ್ಪ ಹೋಗಿಬಿಟ್ಟ ಎಂದಳು. ಗಿರಣಿ ಕೆಲಸಕ್ಕೆಂದು ದೂರದ ಶಹರಕ್ಕೆ ಹೋದವನು ಹೋದ ವರ್ಷ ಅಲ್ಲಿ ನಡೆದ ಗಲಾಟೆಯಲ್ಲಿ ಮಿಲಿಟರಿಯ ಗುಂಡಿಗೆ ಸಿಕ್ಕಿ ಸತ್ತಿದ್ದ. ಯಾವ ಶಹರ, ಯಾವ ತಿಂಗಳು ಎಂದು ಮೈಬೂಬ ಕೇಳಿದ. ಪೀರಬಿ ಹೇಳಿದಳು. ಅವನು ತಾಟು ಸರಿಸಿ ಎದ್ದ. ಆ ದಿನ ಅಲ್ಲಿದ್ದದ್ದು ಅವನ ತುಕಡಿಯೇ.

ಮಾಳಿಂಗಪ್ಪನ ಹೆಂಡತಿ ಯಲ್ಲವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೈಬೂಬ ನಿಂತೇ ಹೇಳಿದ.

"ಯಲ್ಲಕ್ಕ, ಅಲ್ಲಿ ನಾನೂ ಇದ್ದೆ."

ಮೊರದ ಮೇಲೆ ಅವಳ ಕೈ ನಿಂತಿತು. "ನೀನೂ ಗುಂಡು ಹೊಡದಿ ಏನು?"

"ಹೊಡದೇನಿ. ಹುಕುಂ ಬಂತು, ಹೊಡದೆ. ಯಾರಿಗೆ ಬಿತ್ತೋ ಗೊತ್ತಿಲ್ಲ."

ಬೈಯುತ್ತಾಳೆ, ಮೊರ ಎತ್ತಿ ಎಸೆಯುತ್ತಾಳೆ ಎಂದುಕೊಂಡಿದ್ದ. ಅವಳು ಒಳಗೆ ಹೋಗಿ ಒಂದು ಸರಕಾರಿ ಕಾಗದ ತಂದಳು. ಮಾಳಿಂಗಪ್ಪ ಅಂಗಡಿ ಲೂಟಿ ಮಾಡುವಾಗ ಸತ್ತನೆಂದು ಅದರಲ್ಲಿತ್ತು.

"ಲೂಟಿ ಮಾಡಿದ್ನೇನು?"

"ನಾವು ಗುಂಡು ಹೊಡದ ಓಣ್ಯಾಗ ಅಂಗಡೀನ ಇರಲಿಲ್ಲಕ್ಕ. ಎರಡೂ ಕಡಿ ಗಿರಣಿ ಗ್ವಾಡಿ. ಮಂದಿ ಓಡಾಕತ್ತಿದ್ರು. ಬೆನ್ನಿಗೆ ಹೊಡದ್ವಿ."

"ಹಂಗಾರ ಕಚೇರಿಗೆ ಬಂದು ಹೇಳು. ನನಗ ಹೇಳಿ ಏನು ಮಾಡ್ತಿ?"

ಮರುದಿನ ಇಬ್ಬರೂ ಸಿಂದಗಿಗೆ ಹೋದರು. ಅರ್ಜಿ ಬರೆಯುವ ಚನ್ನಬಸಯ್ಯ 'ಗುಂಡು ಹಾರಿತು' ಎಂದು ಬರೆದು ಓದಿದ. ಮೈಬೂಬ ಒಪ್ಪಲಿಲ್ಲ.

"ತಾನ ಹಾರಲಿಲ್ರಿ ಅಯ್ಯಾರ. ನಾವು ಹೊಡದ್ವಿ. ಹಂಗ ಬರೀರಿ."

ಚನ್ನಬಸಯ್ಯ ಸುತ್ತ ನೋಡಿ, ಗೊಣಗುತ್ತ ಹೊಸ ಹಾಳೆ ತೆಗೆದ.

ತಾಲೂಕಿನ ಮಾಮಲೇದಾರ ಕಚೇರಿಯ ಕಾರಕೂನ ಅರ್ಜಿಯನ್ನು ಅರ್ಧ ಓದಿ ಹಿಂದೆ ಸರಿಸಿದ. "ಅದು ಆದಾಗ ನಾವು ಮುಂಬೈ ರಾಜ್ಯದಾಗ ಇದ್ವಿ. ಈಗ ಮೈಸೂರು ರಾಜ್ಯ. ಮುಂಬೈಗೇ ಬರೀರಿ."

"ಬರದಿದ್ದೆರಿ," ಎಂದಳು ಯಲ್ಲವ್ವ. "ನಿಮ್ಮ ತಾಲೂಕಿನ್ಯಾಗ ಕೇಳು ಅಂದಾರ."

"ಹಂಗಾರ ಮಾಮಲೇದಾರ ಸಾಹೇಬ್ರನ್ನ ಕಾಣ್ರಿ. ಇಂಡಿಗೆ ಹೋಗ್ಯಾರ."

ಮೂರು ದಿನ ಬಿಟ್ಟು ಸಾಹೇಬರು ಸಿಕ್ಕರು. ಮಿಲಿಟರಿಯವನ ಹೇಳಿಕೆಯನ್ನು ಮಿಲಿಟರಿಯವರೇ ಬರೆದುಕೊಳ್ಳಬೇಕು ಎಂದರು. "ನೀ ಹೇಳೂದು ಖರೇನ ಇರಬಹುದು. ಆದ್ರ ನನಗ ತಗೊಳ್ಳಾಕ ಬರೂದಿಲ್ಲ."

ಮೈಬೂಬನ ದನಿ ಏರಿತು. "ಹೊಡದಾಂವನ ಬಂದು ಹೊಡದೇನಿ ಅನ್ನಾಕತ್ತಾನ. ಅದನ್ನ ಬರಕೊಳ್ಳಾಕ ಇಷ್ಟು ದೊಡ್ಡ ಸರಕಾರದಾಗ ಒಬ್ಬರೂ ಇಲ್ಲೇನ್ರಿ?"

ಜವಾನ ಅವನ ತೋಳು ಹಿಡಿದು ಹೊರಗೆ ತಂದ.

ರಜೆ ಮುಗಿಯಿತು. ಮೈಬೂಬ ಅರ್ಜಿಯನ್ನು ತನ್ನ ತುಕಡಿಯ ಅಧಿಕಾರಿಯ ಮುಂದಿಟ್ಟ. ಅಧಿಕಾರಿ ಹಳೆಯ ವರದಿಯೊಂದನ್ನು ತೆಗೆಸಿದ. ಗುಂಡು ಹೊಡೆದದ್ದು ಗಾಳಿಯಲ್ಲಿ ಎಂದು ಅದರಲ್ಲಿತ್ತು. ಕೆಳಗೆ ಮೈಬೂಬನ ಸಹಿಯೂ ಇತ್ತು. ಇಂಗ್ಲಿಷಿನ ಆ ಕಾಗದವನ್ನು ಓದಲಾಗದೆ, ಎಲ್ಲರೊಡನೆ ಸಾಲಿನಲ್ಲಿ ನಿಂತು ಹಾಕಿದ ಸಹಿ. ಗಾಳಿಗೆ ಹೊಡೆದರೆ ಮಾಳಿಂಗಪ್ಪ ಸತ್ತದ್ದು ಹೇಗೆ ಎಂದು ಅವನು ಕೇಳಿದ. ಎರಡು ತಿಂಗಳಲ್ಲಿ ಅವನನ್ನು ನೌಕರಿಯಿಂದ ತೆಗೆದರು.

ಊರಿಗೆ ಬಂದವನು ಯಲ್ಲವ್ವನ ಮನೆಗೆ ಹೋದ. "ಆಗಲಿಲ್ಲಕ್ಕ. ನೌಕರೀನೂ ಹೋತು."

ಅವಳು ಸಮಾಧಾನ ಹೇಳಲಿಲ್ಲ. "ನನ್ನ ಗಂಡ ಕಾಗದದಾಗ ಇನ್ನೂ ಕಳ್ಳ ಅದಾನ. ಈಗ ನೀ ಮಿಲಿಟ್ರಿಯಾಂವ ಅಲ್ಲಲ್ಲ? ಈಗರೆ ಬರಕೋತಾರೇನು ಕೇಳೋಣು, ನಡಿ."

ಸೋಮವಾರ ಹೋದರು. ಸೈನ್ಯದಿಂದ ತೆಗೆದುಹಾಕಿದವನ ಸಾಕ್ಷಿ ನಡೆಯುವುದಿಲ್ಲ ಎಂದ ಕಾರಕೂನ. ಯಲ್ಲವ್ವ ಅವನ ಬಾಗಿಲಿಗೆ ಅಡ್ಡ ಕೂತಳು. ಮೈಬೂಬನೂ ಕೂತ. ಕಚೇರಿ ಮುಚ್ಚುವ ಹೊತ್ತಿಗೆ ಜವಾನ ಬಂದು ಇಬ್ಬರನ್ನೂ ಎಬ್ಬಿಸಿ ಕಳಿಸಿದ.