ಹನ್ನೆರಡನೆಯ ಸಾಕ್ಷಿ

ಸದ್ದು ನಿಂತ ಮೇಲೆಯೇ ಅವನಿಗೆ ಗೊತ್ತಾದದ್ದು ಕೋಲು ಕೈಯಿಂದ ಜಾರಿ ಬಿದ್ದಿದೆಯೆಂದು, ಬಲಗೈಯ ಬೆರಳುಗಳು ಇನ್ನೂ ಕೋಲು ಹಿಡಿದ ಹಾಗೆಯೇ ಮಡಚಿಕೊಂಡಿವೆ, ಅವಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಲ್ಲಾಲ್ ಅವನ್ನು ಬೇರೆ ಯಾರದೋ ಬೆರಳುಗಳೆಂಬಂತೆ ನೋಡಿದ, ಬೆಳಗಿನಿಂದ ಬಡಿಯುತ್ತಿದ್ದಾನೆ, ಬೋಗುಣಿಯ ಬಾಯಿಗೆ ಬಿಗಿದ ತೆಳು ಬಟ್ಟೆ, ಬಟ್ಟೆಯ ಮೇಲೆ ಒಣಗಿದ ಕೀಫ್, ಅಂದರೆ ಗಾಂಜಾ ಗಿಡ, ಗಿಡದ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಎರಡು ಕೋಲು, ಕೆಳಗೆ ಬೋಗುಣಿಯೊಳಕ್ಕೆ ಹಳದಿ ಹುಡಿ ಸದ್ದಿಲ್ಲದೆ ಇಳಿಯುತ್ತದೆ, ಗಂಟಲಿಗೂ ಇಳಿಯುತ್ತದೆ — ಕೆಳಗಿನ ಮನೆಗಳಲ್ಲೂ ಇದೇ ಬಡಿತ, ಮೇಲಿನ ಮನೆಗಳಲ್ಲೂ, ಕೊಯ್ಲು ಮುಗಿದು ಗಿಡ ಒಣಗಿದ ಮೇಲೆ ರೀಫ್ ಬೆಟ್ಟದ ಊರುಗಳೆಲ್ಲ ಹೀಗೆಯೇ, ಮದುವೆಯೇ ಇಲ್ಲದ ಮದುವೆಮನೆ, ಪೊಲೀಸ್ ಜೀಪು ತಿರುವಿಗೆ ಬಂತೆಂದರೆ ಕೆಳಗಿನಿಂದ ಒಂದೊಂದೇ ಮನೆಯ ಬಡಿತ ನಿಲ್ಲುತ್ತದೆ, ಮೌನ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹತ್ತಿ ಬರುತ್ತದೆ, ಗಂಡಸರು ದೇವದಾರು ಕಾಡಿಗೆ ಓಡುತ್ತಾರೆ, ಊರಿನ ಮುಕ್ಕಾಲು ಗಂಡಸರ ಮೇಲೆ ವಾರೆಂಟಿದೆ, ಪೇಟೆಗೆ ಇಳಿದು ಹತ್ತು ಹದಿನೈದು ವರ್ಷವಾದವರಿದ್ದಾರೆ, ಹಲ್ಲು ನೋವು ಬಂದರೂ ಇಳಿಯುವುದಿಲ್ಲ, ಅಲ್ಲಾಲ್ ಮಾತ್ರ ಬೋಗುಣಿಯನ್ನು ಹುಲ್ಲಿನ ಕೆಳಗೆ ತಳ್ಳಿ ಹೊಸ್ತಿಲಲ್ಲಿ ಕೂತು ಬಾರ್ಲಿ ರೊಟ್ಟಿ ಮುರಿಯಬಹುದು, ಅವನ ಮೇಲೆ ವಾರೆಂಟಿಲ್ಲ, ಎರಡು ವರ್ಷ ಜೈಲು ಕಳೆದು ಬಂದವನು, ಅವನ ಕಾಗದ ತೊಳೆದಿಟ್ಟ ತಟ್ಟೆ. ಅದಕ್ಕೇ ಅಲ್ಲವೇ ಖಾಲ್ತಿ ಯಾಮ್ನಾ ಬಂದದ್ದು. ರಕ್ತದ ಚಿಕ್ಕಮ್ಮನೇನಲ್ಲ, ಜೊತೆಯಲ್ಲಿ ಬೆಳೆದ ಮಿಮೂನನ ತಾಯಿ, ಹುಟ್ಟಿದಾಗಿನಿಂದ ಖಾಲ್ತಿ ಎಂದೇ ಕರೆದು ರೂಢಿ, ಈಗಷ್ಟೇ ಎದ್ದು ಹೋದಳು, ಅವಳು ಕುಡಿದಿಟ್ಟ ಲೋಟದ ತಳಕ್ಕೆ ಪುದೀನ ಅಂಟಿಕೊಂಡಿದೆ, ಇವತ್ತೇ ಮಗಾ, ಎಂದಿದ್ದಳು, ಮಧ್ಯಾಹ್ನದ ನಮಾಜಿಗೆ ಮುಂಚೆ ಸೆಲ್ಲಾಮನ ಗಾಡಿ ಹೊರಡತ್ತೆ, ಸಾಕ್ಷಿಗೆ ವಾರೆಂಟಿಲ್ಲದ ಹನ್ನೊಂದು ಜನ ಸಿಕ್ಕಿದ್ರು, ಹನ್ನೆರಡು ಬೇಕಂತೆ, ಹನ್ನೊಂದು ಜನ ಹೇಳಿದ್ರೆ ಸತ್ಯ ಅಲ್ವಂತೆ, ಹನ್ನೆರಡನೇವನು ಹೇಳಿದ ಕೂಡ್ಲೇ ಸತ್ಯ ಆಗತ್ತಂತೆ, ನಗಾಡ್ತೀಯಾ, ನಗು ನಗು, ನಾನೂ ನಕ್ಕೆ. ಅವನು ನಕ್ಕಿರಲಿಲ್ಲ. ಮುಖಕ್ಕೆ ಹುಡಿ ಮೆತ್ತಿತ್ತು, ಅವಳಿಗೆ ಹಾಗೆ ಕಂಡಿರಬೇಕು.

ಮಿಮೂನ್ ಬಂದ, ಹನ್ನೆರಡು ವರ್ಷದ ಮೇಲೆ, ಹದಿನೇಳು ದಿನದ ಹಿಂದೆ, ಸತ್ತವನು ತಾಂಜಿಯರ್ ಬಂದರಿನಲ್ಲಿ ಹಡಗಿನಿಂದ ಇಳಿದ, ಹೊಸ ಜಾಕೀಟು, ಕೈಯಲ್ಲಿ ಅಮ್ಮನಿಗೆ ಕಂಬಳಿ — ಅಲ್ಲಾಲ್ ಇದನ್ನು ನೋಡಿದವನಲ್ಲ, ಕೇಳಿದ್ದು, ಆದರೂ ಕಣ್ಣು ಮುಚ್ಚಿದರೆ ಕಾಣುವುದು ಇದೊಂದೇ, ಗಾಜಿನ ಹಿಂದೆ ಕೂತವನು ಕಂಪ್ಯೂಟರ್ ನೋಡುತ್ತಾನೆ, ಮತ್ತೆ ನೋಡುತ್ತಾನೆ, ನೀನೇನಾ ಮಿಮೂನ್, ಚಾಯಿಬನ ಮಗ, ಅನ್ನುತ್ತಾನೆ, ಗಾಜಿನಲ್ಲಿ ಕೈ ತೂರುವಷ್ಟೇ ಕಂಡಿ, ಮಿಮೂನ್ ಬಗ್ಗಿ ಆ ಕಂಡಿಗೆ ಬಾಯಿಟ್ಟು, ಹೌದು, ನಾನೇ, ಅನ್ನುತ್ತಾನೆ, ನಗುತ್ತಾನೆ, ಸಮುದ್ರದಾಚೆ ಅಲ್ಮೇರಿಯಾದ ಪ್ಲಾಸ್ಟಿಕ್ ಹೊದಿಸಿದ ತೋಟಗಳಲ್ಲಿ ಯಾರದೋ ಹೆಸರಿನಲ್ಲಿ ಟೊಮೆಟೊ ಕಿತ್ತವನು, ತನ್ನ ಹೆಸರನ್ನು ಅಪ್ಪನ ಹೆಸರಿನ ಜೊತೆ ಕೇಳಿ ಎಷ್ಟು ಕಾಲವಾಗಿತ್ತೋ, ಅದಕ್ಕೇ ನಕ್ಕಿರಬೇಕು. ಕಂಪ್ಯೂಟರಿನಲ್ಲಿ ಆ ಹೆಸರಿನ ಮೇಲೆ ವಾರೆಂಟಿತ್ತು, ಅಲ್ಲೇ ಹಿಡಿದರು. ಕಳಿಸೋಕೆ ಏನೂ ಇಲ್ಲದವನು ಏನಂತ ಫೋನ್ ಮಾಡ್ಲಿ ಅಮ್ಮಾ, ಅಂದನಂತೆ ಜೈಲಿನ ಜಾಲರಿಯ ಆಚೆಯಿಂದ, ಅದಕ್ಕವಳು, ಉಸಿರು ಕಳಿಸಬಹುದಿತ್ತಲ್ಲೋ ಕತ್ತೆ, ಅಂದಳಂತೆ, ಅಂದು ನಕ್ಕಳಂತೆ, ಊರಿಗೆ ಬಂದು ಮನೆಮನೆಯ ಬಾಗಿಲಲ್ಲಿ ನಿಂತು, ನಾನು ಹೇಳಿರಲಿಲ್ವಾ, ಬದುಕಿದಾನೆ ಅಂತ ಹೇಳಿರಲಿಲ್ವಾ, ಎಂದಳು, ಅವರು ತಲೆ ತಗ್ಗಿಸಿದರು, ಅವನು ಹತ್ತಿದ ದೋಣಿ ಸಮುದ್ರದಲ್ಲಿ ಮುಳುಗಿದ ವರ್ಷ ಮಸೀದಿಯ ಗುರುಗಳು ಹೆಣವಿಲ್ಲದವನ ನಮಾಜು ಮಾಡಿಸೋಣವೆಂದು ಮೂರು ಸಲ ಬಂದಿದ್ದರು, ಮೂರನೆಯ ಸಲ ಚಪ್ಪಲಿ ಎಸೆದಿದ್ದಳು. ಅವಳ ಜೊತೆ ಕೂತವನು ಅಲ್ಲಾಲ್ ಒಬ್ಬನೇ. ಸೌದೆ ಹೊತ್ತು ಹಾಕಿ, ಅವಳು ಕೊಟ್ಟ ಅವರೆಬೇಳೆ ಸಾರಿಗೆ ಎಣ್ಣೆ ಸುರಿದುಕೊಂಡು, ಬರ್ತಾನೆ ಖಾಲ್ತಿ, ಬಂದೇ ಬರ್ತಾನೆ, ಅನ್ನುತ್ತಿದ್ದ, ಅಳುವ ಮಗುವಿಗೆ ಚಂದಮಾಮ ಬರ್ತಾನೆ ಅಂದ ಹಾಗೆ, ನಾಲಿಗೆಗೆ ಅದೊಂದು ಭಾರವೇ ಆಗಿರಲಿಲ್ಲ.

ನಾಲ್ಕು ವರ್ಷದ ಹಿಂದೆ ತಪಾಸಣೆ ಗೇಟಿನಲ್ಲಿ ಹೇಸರಗತ್ತೆಯ ಎರಡೂ ಬದಿಯ ಮೂಟೆ ಇಳಿಸಿದಾಗಲೂ ನಾಲಿಗೆಗೆ ಭಾರವಾಗಲಿಲ್ಲ, ಮಾಲು ಯಾರದು, ಅಂದರು, ಬೆಟ್ಟದಲ್ಲಿ ಮೀಸೆ ಬರುವ ಮೊದಲೇ ಎಲ್ಲರಿಗೂ ಗೊತ್ತಿರುವ ಪ್ರಶ್ನೆ ಅದು, ಹೆಸರು ಕೊಡದೆ ಫೈಲು ಮುಚ್ಚುವುದಿಲ್ಲ, ನನ್ನದೇ ಅಂದರೆ ಹತ್ತು ವರ್ಷ, ಹೊತ್ತು ತಂದೆ ಅಷ್ಟೇ, ಒಡೆಯ ಬೇರೆ, ಅಂದರೆ ಎರಡು, ಒಡೆಯನ ಹೆಸರೇನು, ಜೀವಂತ ಇರುವವನನ್ನು ಹೇಳಬಾರದು, ಹೇಳಿದರೆ ಅವನು ಸಾಯುವವರೆಗೂ ಕಾಡಿಗೆ ಓಡಬೇಕು, ಸತ್ತವನನ್ನು ಕೊಡು, ಅನ್ನುತ್ತಿದ್ದ ಅಪ್ಪ, ಹೆಣ್ಣು ನೋಡಲು ಹೋಗುವಾಗ ಏನು ಮಾತಾಡಬೇಕೆಂದು ಹೇಳಿಕೊಟ್ಟಷ್ಟೇ ಸಲೀಸಾಗಿ, ಆದ್ರೆ ಮುನಿಸಿಪಾಲಿಟೀಲಿ ಸತ್ತ ಅಂತ ಬರೆಸಿದವನನ್ನ ಕೊಟ್ರೆ ಫೈಲು ವಾಪಸ್ ಬರತ್ತೆ, ಒದೆ ಬೀಳತ್ತೆ, ಕಾಗದದಲ್ಲಿ ಬದುಕಿರಬೇಕು, ನೀರಲ್ಲಿ ಸತ್ತಿರಬೇಕು, ಅಂಥವನನ್ನ ಕೊಡು, ಅವನ ಪಾಪ ಅಲ್ಲಾಹು ನೋಡ್ಕೋತಾನೆ. ಅಂಥವನು ಮಿಮೂನ್. ತಾಯಿ ಚಪ್ಪಲಿ ಎಸೆದದ್ದರಿಂದ ಕಾಗದದಲ್ಲಿ ಬದುಕಿದ್ದವನು, ಅವಳು ಒಪ್ಪಿಕೊಂಡು ಸಾವು ಬರೆಸಿದ್ದರೆ ಆ ಹೆಸರು ಕೊಡಲು ಬರುತ್ತಲೇ ಇರಲಿಲ್ಲ — ಇದನ್ನು ಅವನು ಹದಿನೇಳು ದಿನದಿಂದ ತಿರುಗಿಸಿ ಮುರುಗಿಸಿ ನೋಡಿದ್ದಾನೆ, ಯಾವ ಕಡೆಯಿಂದ ಮುಟ್ಟಿದರೂ ಏನೂ ಅನ್ನಿಸುವುದಿಲ್ಲ, ಬಡಿದು ಬಡಿದು ಸತ್ತ ಅಂಗೈಯಲ್ಲಿ ಬಿಸಿ ಲೋಟ ಹಿಡಿದ ಹಾಗೆ, ಬಿಸಿ ಎಂದು ಗೊತ್ತು, ಸುಡುವುದಿಲ್ಲ. ಚಾಯಿಬನ ಮಗ ಮಿಮೂನ್, ಅಂದ ಗೇಟಿನಲ್ಲಿ. ಬರೆದುಕೊಂಡರು. ಒಬ್ಬ ಸಿಗರೇಟನ್ನೂ ಕೊಟ್ಟ.

ಜುಲೇಖಾ ಬಾಗಿಲಲ್ಲಿ ನಿಂತಿದ್ದಾಳೆ, ಅವನ ಹೆಂಡತಿ, ಯಾವಾಗ ಬಂದಳೋ, ನಿನ್ನ ಕೋಲು ಯಾಕೆ ನಿಂತಿತು ಅಂತ ಓಡಿ ಬಂದೆ, ಜೀಪೇನೋ ಅಂತ, ಅನ್ನುತ್ತಾಳೆ, ಆಮೇಲೆ ದನಿ ತಗ್ಗಿಸಿ, ಹೋಗ್ತೀಯಾ, ಹೋಗಿ ಏನಂತೀಯಾ, ಹನ್ನೊಂದು ಜನ ಹೇಳೋದನ್ನೇ ಹೇಳು, ಅವನು ಹನ್ನೆರಡು ವರ್ಷ ಈ ದೇಶದಲ್ಲಿರಲಿಲ್ಲ ಅನ್ನು, ಸುಳ್ಳಲ್ವಲ್ಲ ಅದು, ಅಷ್ಟು ಹೇಳಿ ಹೆಬ್ಬೆಟ್ಟು ಒತ್ತಿ ಬಾ, ಆಮೇಲೆ ಅವನ ಹಣೆಬರಹ, ಒಂದು ಮಾತು ಜಾಸ್ತಿ ಆಡಿದ್ಯೋ ಹತ್ತು ವರ್ಷ ನೋಡು, ನಾನು ಎರಡು ವರ್ಷ ಒಬ್ಬಳೇ ಬಡಿದಿದೀನಿ, ಈ ಕೈ ನೋಡು, ನೋಡು ಅಂದೆ. ಅವನು ನೋಡುತ್ತಾನೆ. ಕಿರಿಬೆರಳು ಮಡಚಲಾಗದೆ ಸೆಟೆದು ನಿಂತಿದೆ, ಅದು ಇನ್ನು ಸರಿಹೋಗುವುದಿಲ್ಲ, ಒಳಗೆ ಮಗಳು ಕೋಳಿಗಳನ್ನು ಬೈಯುತ್ತಿದ್ದಾಳೆ, ತಾಯಿಯ ದನಿಯಲ್ಲೇ, ಏಳು ವರ್ಷಕ್ಕೇ — ಫೈಲಿನಲ್ಲಿ ನನ್ನ ಹೆಸರಿದೆಯಲ್ಲ, ಅವನ ಹೆಸರು ಹೇಳಿದವನು ಯಾರು ಅಂತ, ಅದೇ ಹೆಸರು ಸಾಕ್ಷಿ ಕಾಗದದಲ್ಲೂ ಬಂದ್ರೆ, ಅನ್ನಬೇಕೆಂದುಕೊಂಡ, ಅವಳಿಗೂ ಗೊತ್ತು, ಊರಿಗೂ ಗೊತ್ತು, ಗೊತ್ತಿಲ್ಲದವಳು ಯಾಮ್ನಾ ಒಬ್ಬಳೇ, ಓದು ಬರದವಳು, ಕೇಸಿನ ನಂಬರು ಬರೆದ ಚೀಟಿಯನ್ನು ಎದೆಯಲ್ಲಿಟ್ಟುಕೊಂಡು ತಿರುಗುವವಳು. ಕೆಳಗೆ ಹಾರ್ನು. ಮತ್ತೆ ಹಾರ್ನು. ಕಾಲುಗಳು ತಾವೇ ಎದ್ದವು, ಅವನೇನೂ ಹೇಳಿರಲಿಲ್ಲ ಅವಕ್ಕೆ.

ಗಾಡಿಯ ಹಿಂಬದಿಯಲ್ಲಿ ಹನ್ನೊಂದು ಜನ, ಮಸೀದಿಯ ಗುರುಗಳು, ಕ್ಷೌರದವನು, ಸೈನ್ಯದಿಂದ ನಿವೃತ್ತರಾದ ಇಬ್ಬರು, ಉಳಿದವರು ವಾರೆಂಟು ಬೀಳುವಷ್ಟೂ ಜಮೀನಿಲ್ಲದ ಮುದುಕರು, ಬಾ ಬಾ ಸತ್ಯವಂತಾ, ನೀನಿಲ್ದೆ ಬೆಟ್ಟದಲ್ಲಿ ಸತ್ಯ ಪೂರ್ತಿ ಆಗಲ್ವಂತೆ, ಎಂದ ಸೆಲ್ಲಾಮ್, ಗೇರು ಹಾಕುತ್ತ, ಯಾರೋ ಕೆಮ್ಮಿದರು, ಯಾಮ್ನಾ ಮುಂದಿನ ಸೀಟಿನಲ್ಲಿ, ಪಟ್ಟೆ ಬಟ್ಟೆ ಸೊಂಟಕ್ಕೆ ಬಿಗಿದು, ಮಗನಿಗೆಂದು ಅಂಜೂರ ಕಟ್ಟಿಕೊಂಡು, ಜೈಲಲ್ಲಿ ಒಳಗೆ ಬಿಡ್ತಾರೋ ಇಲ್ವೋ, ಬಿಡದಿದ್ರೆ ಆ ಕಾವಲಿನವನೇ ತಿನ್ಲಿ, ಅವನೂ ಯಾರೋ ಹೆತ್ತ ಮಗನೇ, ಅನ್ನುತ್ತಾಳೆ, ರಸ್ತೆ ಇಳಿಯುತ್ತದೆ, ದೇವದಾರು ಮುಗಿದು ಬೋಳು ಗುಡ್ಡ, ಕಿವಿ ಕಟ್ಟಿಕೊಳ್ಳುತ್ತದೆ, ಪೆಟ್ರೋಲಿಗೆ ನಿಂತಾಗ ಸೆಲ್ಲಾಮ್ ಹತ್ತಿರ ಬಂದು, ಮುಖ ಯಾಕೆ ಹಾಗೆ ಹಾಕ್ಕೊಂಡಿದೀಯಾ, ನೀನು ಹೇಳದಿದ್ರೆ ನಾನು ಹೇಳ್ತಿದ್ದೆ ಅವನ ಹೆಸರು, ನಾನು ಸಿಕ್ಕಿಬೀಳಲಿಲ್ಲ ಅಷ್ಟೇ, ಸತ್ತವನು ಎದ್ದು ಬಂದ್ರೆ ಅದು ನಿನ್ನ ತಪ್ಪಾ, ಎಂದು ಹೆಗಲು ತಟ್ಟಿದ, ತಟ್ಟಿದ್ದು ಕಂಡಿತು, ತಾಗಲಿಲ್ಲ. ಬೆನ್ನು ಬಗ್ಗಿದ ಹೊಸ ಜಾಕೀಟು, ಗಾಜು, ಕಂಡಿ. ಬಾಯಿ ಕಂಡಿಯ ಹತ್ತಿರ ಹೋಗುತ್ತದೆ. ಹೌದು, ನಾನೇ.

ಪೇಟೆಯ ಸಾಕ್ಷಿಪತ್ರ ಬರೆಯುವ ಕೋಣೆಯಲ್ಲಿ ಬಿಳಿ ಜುಬ್ಬಾದ ಇಬ್ಬರು, ಒಬ್ಬರು ಕೇಳುವವರು, ಒಬ್ಬರು ಬರೆಯುವವರು, ಗೋಡೆಗೆ ಒರಗಿ ಹನ್ನೊಂದು ಜೊತೆ ಚಪ್ಪಲಿ, ಅವನದೂ ಸೇರಿ ಹನ್ನೆರಡು, ಬಾಗಿಲ ಬಳಿ ಯಾಮ್ನಾ, ಚಿಕ್ಕಂದಿನಿಂದ ಬಲ್ಲೆ, ಹನ್ನೆರಡು ವರ್ಷದಿಂದ ನಾಡಲ್ಲಿರಲಿಲ್ಲ, ಮಾಲು ಅವನದಾಗಿರೋಕೆ ಸಾಧ್ಯವಿಲ್ಲ, ಅಲ್ಲಾಹುವಿನ ಮೇಲಾಣೆ, ಒಬ್ಬರಾದ ಮೇಲೆ ಒಬ್ಬರು, ಅದೇ ಮಾತು, ಅದೇ ಬಡಿತ, ಲೇಖನಿ ಅದರ ಹಿಂದೆ ಹಿಂದೆ, ಗುರುಗಳ ದನಿ ಒಂದೆಡೆ ಮಾತ್ರ ಸ್ವಲ್ಪ ನಡುಗಿತು, ಅವನು ಸತ್ತನೆಂದು ನಮಾಜು ಮಾಡಿಸಲು ಹೋದವರು ಅವರು. ಹನ್ನೊಂದು ಮುಗಿಯಿತು. ನಿನ್ನ ಹೆಸರು, ಅಂದರು ಕೇಳುವವರು, ಅಲ್ಲಾಲ್ ಹೇಳಿದ, ಅಪ್ಪನ ಹೆಸರನ್ನೂ ಹೇಳಿದ, ಮಿಮೂನನನ್ನು ಹೇಗೆ ಬಲ್ಲೆ, ಅಂದರು, ಜುಲೇಖಾಳ ಸೆಟೆದ ಕಿರಿಬೆರಳು ಬಂತು, ಮಗಳು ಬೈದ ಕೋಳಿಗಳು ಬಂದವು, ಬಂದು ಹೋದವು, ಚಿಕ್ಕಂದಿನಿಂದ ಬಲ್ಲೆ, ಹನ್ನೆರಡು ವರ್ಷದಿಂದ ನಾಡಲ್ಲಿರಲಿಲ್ಲ, ಅಂದ, ಅಷ್ಟಕ್ಕೆ ನಿಲ್ಲಬಹುದಿತ್ತು, ಬರೆಯುವವರು ಚುಕ್ಕೆ ಇಡಲು ಹೊರಟಿದ್ದರು, ಆ ಮಾಲು ನನ್ನದು, ಅಂದ, ಅದೇ ದನಿಯಲ್ಲಿ, ನಂದೇ ಹೊಲ, ನಾನೇ ಬಡಿದದ್ದು, ಗೇಟಲ್ಲಿ ಅವನ ಹೆಸರು ಕೊಟ್ಟವನು ನಾನು, ಸತ್ತಿದಾನೆ ಅಂದ್ಕೊಂಡು ಕೊಟ್ಟೆ. ಯಾರೋ ಅವನ ತೋಳು ಜಗ್ಗಿದರು, ಕ್ಷೌರದವನಿರಬೇಕು, ಹುಚ್ಚಾ, ಅಂದರು, ಬರೆಯುವವರು ಲೇಖನಿ ಕೆಳಗಿಟ್ಟರು, ಇದು ಸಾಕ್ಷಿ ಅಲ್ಲಪ್ಪಾ, ತಪ್ಪೊಪ್ಪಿಗೆ, ನಾವು ಬರೆಯೋದಲ್ಲ ಇದು, ರಸ್ತೆ ದಾಟಿದ್ರೆ ಠಾಣೆ, ಅಲ್ಲಿ ಹೇಳು, ಅಂದರು, ಬೈದಂತೆಯೂ ಇರಲಿಲ್ಲ, ಮರುಗಿದಂತೆಯೂ. ಅವನು ಎದ್ದು ಚಪ್ಪಲಿ ಹುಡುಕುತ್ತಿದ್ದ. ಯಾಮ್ನಾ ಬಾಗಿಲಿಗೆ ಅಡ್ಡ ನಿಂತಿದ್ದಳು, ಕೂಗುತ್ತಾಳೆ, ಉಗುಳುತ್ತಾಳೆ, ಅಂಜೂರದ ಗಂಟು ಎಸೆಯುತ್ತಾಳೆ ಎಂದು ಕಾದ, ಅವಳು ಅವನ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿ, ಮೆಲ್ಲಗೆ, ಬೇರೆ ಯಾರಿಗೂ ಕೇಳಬಾರದೆಂಬಂತೆ, ನೀನೂ ಅವನು ಸತ್ತ ಅಂತಾನೇ ಅಂದ್ಕೊಂಡಿದ್ಯಾ, ಎಂದಳು. ಅಷ್ಟೇ. ಹೆಸರು ಕೊಟ್ಟದ್ದನ್ನು ಕೇಳಲಿಲ್ಲ. ನನ್ನ ಒಲೆ ಮುಂದೆ ಕೂತು ಬರ್ತಾನೆ ಬರ್ತಾನೆ ಅಂತಿದ್ದಾಗ, ಆಗಲೂನಾ, ಎಂದಳು, ಉತ್ತರ ಹುಡುಕಿ ತನ್ನೊಳಗೆ ಹೋದರೆ ಅಲ್ಲಿ ಒಲೆಯಿಲ್ಲ, ಸಮುದ್ರವಿಲ್ಲ, ಹೊಲವಿಲ್ಲ, ಗಾಜೊಂದೇ, ಗಾಜಿನಲ್ಲಿ ಕಂಡಿ, ಹೊಸ ಜಾಕೀಟಿನವನು ಬಗ್ಗುತ್ತಾನೆ, ಕಂಡಿಗೆ ಬಾಯಿಡುತ್ತಾನೆ, ನಗುತ್ತಾನೆ, ಹೌದು, ನಾನೇ — ಬಗ್ಗುತ್ತಾನೆ, ಬಾಯಿಡುತ್ತಾನೆ, ನಗುತ್ತಾನೆ — ಬಗ್ಗುತ್ತಾನೆ, ನಗುತ್ತಾನೆ —