ಚಾರ್ಜು ಇಳಿಯದ ಫೋನು

"ಸುಳ್ಳು ಏಳ್ಬೇಡ ಭಾವ! ಫೋನ್ ಆಫ್ ಮಾಡ್ಕೊಂಡು ಆರಾಮಾಗಿ ಕೂತಿದ್ದೆ ನೀನು!"

"ಯಾವನಲೇ ಆಫ್ ಮಾಡಿದ್ದು? ಕಣ್ಣು ಕಾಣಲ್ವಾ ನಿಂಗೆ? ಉರೀತಾ ಐತಲ್ಲ! ಎಪ್ಪತ್ತೆಂಟು ಪರ್ಸೆಂಟ್ ಐತೆ, ಓದು!"

ಚಿಕ್ಕಬೈರಪ್ಪ ಫೋನನ್ನು ಭಾಮೈದ ಗಿರಿಯ ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದ. ಗಿರಿ ಅದನ್ನು ನೋಡಲೂ ಇಲ್ಲ, ಕೈಯನ್ನು ಪಕ್ಕಕ್ಕೆ ತಳ್ಳಿದ. ಅವನ ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು. ಜಕ್ಕೂರು ಕೆರೆಯ ಹಿಂಬದಿ, ಆಗಷ್ಟೇ ಮೋಟರು ನಿಲ್ಲಿಸಿದ್ದ ಪಂಪ್‌ಹೌಸಿನ ಮುಂದೆ, ಶನಿವಾರ ಬೆಳಿಗ್ಗೆ ವಾಕಿಂಗಿಗೆ ಬಂದವರು ನಿಂತು ನೋಡುವಂತೆ ಇಬ್ಬರೂ ಕೂಗಾಡುತ್ತಿದ್ದರು.

"ಸೆಕ್ರೆಟರಿ ಮೇಡಂ ಮನೆ ಸಂಪು ತುಂಬಿ ನೀರೆಲ್ಲ ಲಿಫ್ಟ್ ಗುಂಡಿಗೆ ಓಯ್ತು. ಲಿಫ್ಟ್ ನಿಂತೋಯ್ತು. ಅವ್ರ ಕಾರಿನ ಚಕ್ರ ಅರ್ಧ ಮುಳುಗೈತೆ. ನಾನು ಅಲ್ಲಿ ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್ ಕೊಟ್ಟು ಸಾಯ್ತಾ ಇವ್ನಿ. ಸ್ವಿಚ್ ಆಫ್ ಆಗೈತೆ, ಸ್ವಿಚ್ ಆಫ್ ಆಗೈತೆ ಅಂತ ಫೋನೊಳ್ಗಿನ ಎಂಗ್ಸು ಬಡ್ಕೊಂತಾವ್ಳೆ!"

"ನೀನು ಫೋನೇ ಮಾಡಿಲ್ಲ. ಮಾಡಿದ್ರೆ ಇದ್ರಲ್ಲಿ ಕೆಂಪಗೆ ಬರ್ಬೇಕಿತ್ತು. ಎಲ್ಲೈತೆ ಕೆಂಪು? ತೋರ್ಸು!"

ಗಿರಿ ತನ್ನ ಫೋನು ತೆಗೆದು ತೋರಿಸಿದ. ಅದರ ತುಂಬ ಭಾವನಿಗೆ ಮಾಡಿದ ಕರೆಗಳ ಸಾಲು. ಚಿಕ್ಕಬೈರಪ್ಪನ ಫೋನಿನಲ್ಲಿ ಒಂದೂ ಇಲ್ಲ. ಎರಡೂ ಕಣ್ಣೆದುರಿಗೇ ಇದ್ದವು. ಎರಡರಲ್ಲಿ ಯಾವುದು ನಿಜವೋ ಚಿಕ್ಕಬೈರಪ್ಪನಿಗೆ ತಿಳಿಯಲಿಲ್ಲ. ತಿಳಿಯದೇ ಹೋದಾಗ ಅವನ ದನಿ ಇನ್ನಷ್ಟು ಏರುತ್ತಿತ್ತು.

ಇವರ ಕೆಲಸ ಇಬ್ಬರಿಲ್ಲದೆ ನಡೆಯುವಂಥದಲ್ಲ. ಚಿಕ್ಕಬೈರಪ್ಪನ ತಾತ ಊರಿನ ನೀರುಗಂಟಿ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದವನು. ಗದ್ದೆಗಳು ಲೇಔಟಾದವು. ಮನೆಗೆ ಉಳಿದ ತುಂಡು ಜಾಗದಲ್ಲಿ ಬೋರ್‌ವೆಲ್ ಕೊರೆಸಿ, ಈಗ ಅದೇ ಲೇಔಟಿನ ಮನೆಗಳಿಗೆ ದಿನ ಬಿಟ್ಟು ದಿನ ನೀರು ಕೊಡುತ್ತಾರೆ. ಪಂಪ್‌ಹೌಸಿನ ಮೋಟರು ಚಿಕ್ಕಬೈರಪ್ಪನ ಪಾಲು. ಉದ್ದನೆಯ ಕಬ್ಬಿಣದ ವಾಲ್ವ್ ಕೀ ಹಿಡಿದು ಲೇಔಟಿನಲ್ಲಿ ಬೀದಿಯಿಂದ ಬೀದಿಗೆ ನೀರು ತಿರುಗಿಸುವುದು ಗಿರಿಯ ಪಾಲು. ಕೊನೆಯ ಮನೆಯ ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ, ತುಂಬುತ್ತಿದ್ದಂತೆ ಗಿರಿ ಮಿಸ್ಡ್ ಕಾಲ್ ಕೊಡಬೇಕು, ಇವನು ಮೋಟರು ನಿಲ್ಲಿಸಬೇಕು. ಮೋಟರು ನಿಲ್ಲುವ ಮೊದಲೇ ಅಲ್ಲಿ ವಾಲ್ವು ಮುಚ್ಚಿದರೆ ಪೈಪು ಸಿಡಿಯುತ್ತದೆ. ಒಂದು ರಿಂಗು ಬಂದು ಕಟ್ಟಾದರೆ ನಿಲ್ಲಿಸು ಎಂದರ್ಥ. ಬಿಡದೆ ಬಡಿದುಕೊಂಡರೆ ಎಲ್ಲೋ ಪೈಪು ಒಡೆದಿದೆ, ಎತ್ತಿ ಮಾತಾಡು ಎಂದರ್ಥ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಅವನ ಹಳೆಯ ಕೀಪ್ಯಾಡ್ ಫೋನಿಗೆ ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಿತ್ತು. ಒದ್ದೆ ಕೈಯಲ್ಲಿ ಒತ್ತಿದರೂ ಕೇಳುತ್ತಿತ್ತು.

ಆ ವರ್ಷ, ಅಂದರೆ ಎರಡು ಸಾವಿರದ ಹದಿನೇಳರಲ್ಲಿ, ಲೇಔಟಿನ ಸಂಘದ ಸೆಕ್ರೆಟರಿ ಶಾಂತಲಾ ಮೇಡಂ ಪಂಪ್‌ಹೌಸಿಗೇ ಬಂದು ಹೇಳಿದ್ದರು. "ಬೈರಪ್ಪನವರೇ, ನೀರಿನ ವಿಷಯ ಎಲ್ಲ ಈಗ ವಾಟ್ಸಾಪ್ ಗ್ರೂಪಲ್ಲೇ ನಡೆಯೋದು. ನೀವೂ ಸೇರ್ಕೊಳ್ಳಿ. ಇನ್ನೊಂದು ಸಲ ಕಂಪ್ಲೇಂಟ್ ಬಂದ್ರೆ ಟ್ಯಾಂಕರ್‌ನವರಿಗೆ ಒಪ್ಪಿಸ್ಬಿಡೋಣ ಅಂತ ಎಲ್ರೂ ಅಂತಿದ್ದಾರೆ. ನಾನು ತಡ್ಕೊಂಡಿದ್ದೀನಿ." ತಾತನ ಕಾಲದ ಕೆಲಸ ಒಂದು ಫೋನಿನಿಂದ ಹೋಗುತ್ತದೆಂದರೆ ಚಿಕ್ಕಬೈರಪ್ಪನಿಗೆ ನಂಬಲಾಗಲಿಲ್ಲ. ಆದರೆ ಹಳೆಯ ಫೋನಿನ ಬ್ಯಾಟರಿಯೂ ಆಗಲೇ ಉಬ್ಬಿ, ಹಿಂದಿನ ಮುಚ್ಚಳ ಕೂರದೆ, ರಬ್ಬರ್‌ಬ್ಯಾಂಡು ಹಾಕಿಸಿಕೊಂಡಿತ್ತು. ಗಿರಿ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಕೆಂಪಾಪುರದ ಅಂಗಡಿಗೆ ಕರೆದೊಯ್ದ.

ಅಂಗಡಿಯಲ್ಲಿದ್ದವಳು ರೆಹಾನಾ. ಒಂದಾದ ಮೇಲೊಂದು ಫೋನು ಗಾಜಿನ ಮೇಲಿಟ್ಟಳು. ಚಿಕ್ಕಬೈರಪ್ಪನದು ಒಂದೇ ಪ್ರಶ್ನೆ.

"ಇದು ಎಷ್ಟೊತ್ತು ಬತ್ತದೆ?"

"ಮೂರು ಜಿಬಿ ರ‍್ಯಾಮ್ ಅಂಕಲ್. ಕ್ಯಾಮೆರಾ ಹದಿಮೂರು ಮೆಗಾಪಿಕ್ಸೆಲ್."

"ಎಷ್ಟೊತ್ತು ಬತ್ತದೆ ಅಂದೆ."

"ನಾಲ್ಕು ಸಾವಿರ ಎಂಎಎಚ್ ಬ್ಯಾಟರಿ."

"ಅಂಗಂದ್ರೆ ಬೆಳಿಗ್ಗೆಯಿಂದ ಸಂಜೆ ಗಂಟ ಬತ್ತದೋ ಇಲ್ವೋ?"

"ಅದು ನೀವು ಹೆಂಗೆ ಯೂಸ್ ಮಾಡ್ತೀರೋ ಅದ್ರ ಮೇಲೆ ಅಂಕಲ್."

"ಯೂಸ್ ಮಾಡ್ದೆ ಪೂಜೆ ಮಾಡಾಕೆ ತಗೊಂತಾರಾ?"

ಗಿರಿ ಮುಖ ತಿರುಗಿಸಿಕೊಂಡು ನಕ್ಕ. ಚಿಕ್ಕಬೈರಪ್ಪ ಅಲ್ಲೇ ಇದ್ದ ಬಾಟಲಿಯ ನೀರನ್ನು ಬೆರಳಿಗೆ ಸುರಿದುಕೊಂಡು ಫೋನಿನ ಗಾಜನ್ನು ಒತ್ತಿ ನೋಡಿದ. ಅಂಕಿಗಳು ಅತ್ತಿತ್ತ ಓಡಾಡಿದವು, ಒತ್ತಿದ್ದು ಮಾತ್ರ ಬರಲಿಲ್ಲ.

"ಅಯ್ಯೋ ಅಂಕಲ್, ಒದ್ದೆ ಕೈಯಲ್ಲಿ ಯಾಕೆ ಒತ್ತುತೀರ?"

"ನಾನು ನೀರು ಬಿಡೋನು ಕಣಮ್ಮ! ಒಣಗಿದ್ ಕೈ ಎಲ್ಲಿಂದ ತರ್ಲಿ?"

ಅವಳು ಬಟ್ಟೆಯಿಂದ ಗಾಜು ಒರೆಸಿ ಮೆಲ್ಲಗೆ ಹೇಳಿದಳು, "ನಿಮ್ಮ ಹಳೇದಕ್ಕೆ ಬ್ಯಾಟರಿ ಸಿಗೋ ಹಾಗಿದ್ರೆ ನಾನೇ ಹಾಕ್ಕೊಡ್ತಿದ್ದೆ ಅಂಕಲ್. ಈಗ ಬರಲ್ಲ ಅದು." ಕೊನೆಗೆ ಎಲ್ಲಕ್ಕಿಂತ ತೂಕವಾಗಿದ್ದ ಫೋನನ್ನು ಚಿಕ್ಕಬೈರಪ್ಪ ಆರಿಸಿಕೊಂಡ. ಭಾರವಿದ್ದರೆ ಬ್ಯಾಟರಿ ದೊಡ್ಡದಿರಬೇಕು ಎಂದು ಅವನ ಲೆಕ್ಕ.

ಲೆಕ್ಕ ತಪ್ಪಿತು. ಬೆಳಗಿನ ಜಾವ ತುಂಬಿಸಿ ತಂದ ಚಾರ್ಜು ಊಟದ ಹೊತ್ತಿಗೆ ಖಾಲಿಯಾಗುತ್ತಿತ್ತು. ಗ್ರೂಪಿನಲ್ಲಿ ಬೆಳಗಾಗುವ ಮೊದಲೇ ಗುಲಾಬಿ ಹೂವು, ಕಾಫಿ ಲೋಟ, ದೇವರ ಪಟ. ಆಮೇಲೆ ಯಾರದೋ ನಲ್ಲಿಯ ಫೋಟೋ, ಅದಕ್ಕೆ ಇನ್ಯಾರದೋ ಹೆಬ್ಬೆರಳು. ಫೋನು ಜೇಬಿನಲ್ಲಿ ಬಿಸಿಯಾಗಿ ತೊಡೆ ಸುಡುತ್ತಿತ್ತು. ಒಂದು ದಿನ ನೀರು ಬಿಡುತ್ತಿರುವಾಗಲೇ ಸತ್ತುಹೋಯಿತು. ಗಿರಿಗೆ ಅನುಮಾನ ಬಂದು ಬೈಕಿನಲ್ಲಿ ಓಡಿಬಂದದ್ದರಿಂದ ಅವತ್ತು ಯಾರ ಸಂಪೂ ತುಂಬಿ ಹರಿಯಲಿಲ್ಲ.

"ಬೇಡದ್ದೆಲ್ಲ ಆರ್ಸು ಭಾವ," ಎಂದು ಗಿರಿಯೇ ಹೇಳಿಕೊಟ್ಟ. "ಮೇಲಿಂದ ಬೆರಳಲ್ಲಿ ಇಂಗೆ ಕೆಳಕ್ಕೆ ಎಳಿ. ಸಾಲಾಗಿ ಬತ್ತದಲ್ಲ, ಅದ್ರಾಗೆ ಉರೀತಿರೋದು ಆರ್ಸು. ನೀನು ಯಾವೂರಲ್ಲಿದ್ದೀಯ ಅಂತಾನೂ ಇದು ತಿಳ್ಕೊಂತದೆ, ಅದ್ಕೂ ಚಾರ್ಜ್ ತಿಂತದೆ."

ಗುರುವಾರ ಸಂಜೆ, ನೀರು ಬಿಟ್ಟು ಮುಗಿದ ಮೇಲೆ, ಚಿಕ್ಕಬೈರಪ್ಪ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು ಬೆರಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು ಆ ಸಾಲನ್ನು ಎಳೆದ. ಉರಿಯುವುದನ್ನು ಆರಿಸಿದ. ಆರಿದ್ದು ಮತ್ತೆ ಹೊತ್ತಿಕೊಂಡಿತು, ಮತ್ತೆ ಒತ್ತಿದ. ಒಂದೆರಡು ಸಲ ಹೀಗೆ ಹೆಣಗಿ ಬಿಡುವಷ್ಟರಲ್ಲಿ ಗಾಜಿನ ಮೇಲ್ತುದಿಯಲ್ಲಿ ಪುಟ್ಟದೊಂದು ವಿಮಾನದ ಚಿತ್ರ ಬಂದು ಕೂತಿತು. ಅದೇ ಹೊತ್ತಿಗೆ ಜಕ್ಕೂರು ಏರೋಡ್ರಮ್ಮಿನ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಎಂದಿನಂತೆ ಅವನ ತಲೆಯ ಮೇಲೆ ಗುರ್ರೆಂದು ಹಾದು ಇಳಿಯಲು ಹೋಯಿತು. ಹುಟ್ಟಿದಾಗಿನಿಂದ ಅವನು ಕೇಳಿದ ಸದ್ದು ಅದು. ಚಿಕ್ಕಬೈರಪ್ಪ ಮೇಲೆ ನೋಡಿದ, ಫೋನು ನೋಡಿದ. ಫೋನಿಗೆ ತಾನಿರುವ ಊರು ಗೊತ್ತಾಗುತ್ತದೆ ಎಂದು ಗಿರಿ ಹೇಳಿದ್ದು ಸುಳ್ಳಲ್ಲ.

ಮನೆಗೆ ಹೋಗಿ ಹೆಂಡತಿ ಗಂಗರತ್ನಮ್ಮನಿಗೆ ತೋರಿಸಿದ. "ನೋಡೇ, ನಮ್ಮ ಏರೋಡ್ರಮ್ಮು. ಜಕ್ಕೂರಲ್ಲಿವ್ನಿ ಅಂತ ಇದ್ಕೆ ಗೊತ್ತಾಗೋಯ್ತು."

"ಏರೋಡ್ರಮ್ಮು ತೋರಿಸ್ತದೆ, ಕೆರೆ ತೋರ್ಸಲ್ವಂತಾ?" ಎಂದಳು ಅವಳು.

ಶುಕ್ರವಾರ ನೀರು ಬಿಡುವ ದಿನವಲ್ಲ. ಚಾರ್ಜು ಇಳಿಯಲೇ ಇಲ್ಲ. ಬೆಳಿಗ್ಗೆ ತೊಂಬತ್ತಿದ್ದದ್ದು ಸಂಜೆಗೂ ಎಂಬತ್ತರ ಮೇಲೇ ಇತ್ತು. ಗ್ರೂಪಿನ ಗುಲಾಬಿಗಳೂ ನಿಂತಿದ್ದವು. ಜನಕ್ಕೆ ಅಂತೂ ಬುದ್ಧಿ ಬಂತು ಎಂದುಕೊಂಡ. ಟೀ ಅಂಗಡಿಯಲ್ಲಿ ಫೋನನ್ನು ಎಲ್ಲರಿಗೂ ಎತ್ತಿ ತೋರಿಸಿದ. "ಭಾರ ನೋಡಿ ತಗೊಂಡಿದ್ದು ನಾನು. ಎಂಗೆ ಬತ್ತಾ ಐತೆ ನೋಡ್ರಿ!"

ಮಾರನೆಯ ಬೆಳಿಗ್ಗೆಯೇ ಈ ಜಗಳ.

ತಿಂಡಿಯ ಡಬ್ಬಿ ಹಿಡಿದು ಬಂದ ಗಂಗರತ್ನಮ್ಮ ಗಂಡನನ್ನೂ ತಮ್ಮನನ್ನೂ ನೋಡಿ ಅಲ್ಲೇ ನಿಂತಳು. "ಅದ್ಯಾಕೆ ಇಂಗೆ ಬೀದೀಲಿ ಕೂಗಾಡ್ತೀರಿ? ಈಗ ಇಲ್ಲೇ ಫೋನ್ ಮಾಡು ಗಿರಿ. ಬತ್ತದೋ ಇಲ್ವೋ ನೋಡಾನ."

ಗಿರಿ ಕರೆ ಮಾಡಿ ಸ್ಪೀಕರಿಗೆ ಹಾಕಿದ. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದಿತು ಹೆಣ್ಣಿನ ದನಿ. ಚಿಕ್ಕಬೈರಪ್ಪನ ಅಂಗೈಯಲ್ಲಿ ಫೋನು ಬೆಳಕು ಚೆಲ್ಲುತ್ತಾ ಕೂತಿತ್ತು. ಅವನು ಅದನ್ನು ತಿರುಗಿಸಿ ಹಿಂಬದಿ ನೋಡಿದ, ಕಿವಿಗಿಟ್ಟು ನೋಡಿದ. ಉರಿಯುತ್ತಿರುವ ಫೋನು ಆಫ್ ಹೇಗಾದೀತು?

"ಗೊತ್ತಾಯ್ತು ಬಿಡು," ಎಂದ ಗಿರಿ. "ಬ್ಲಾಕ್ ಮಾಡಿದ್ದೀಯ ನನ್ನ."

"ಏನಂಗಂದ್ರೆ?"

"ಗೊತ್ತಿಲ್ದೋನಂಗೆ ಆಡ್ಬೇಡ. ವಾಲ್ವು ಮೋಟ್ರು ಎಲ್ಲಾ ಗಿರೀನೇ ನೋಡ್ಕೊಳ್ಳಿ ಅಂತ ಮೇಡಂ ಅಂದಿದ್ದು ನಿನ್ ಕಿವಿಗೆ ಬಿದ್ದೈತೆ. ನನ್ ಎಸರು ಕೆಡ್ಸಾಕೆ ಬೇಕಂತ್ಲೇ ನೀರು ಬಿಟ್ಟೆ."

ಮೇಡಂ ಹಾಗೆ ಹೇಳಿದ್ದು ಚಿಕ್ಕಬೈರಪ್ಪನಿಗೆ ಗೊತ್ತೇ ಇರಲಿಲ್ಲ. ಬ್ಲಾಕ್ ಎಂದರೇನೆಂದೂ ಗೊತ್ತಿರಲಿಲ್ಲ. ಕಳ್ಳನೆಂದು ಕರೆದ ಹಾಗಿದೆ ಎಂಬುದಷ್ಟೇ ಅವನಿಗೆ ಗೊತ್ತಾದದ್ದು. ಮೈಯೆಲ್ಲ ಉರಿದು ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ನಿಮ್ಮಪ್ಪ ಸತ್ತ ಮೇಲೆ ಒಂದು ಬಟ್ಟೆ ಚೀಲ ಇಡ್ಕೊಂಡು ನನ್ ಬಾಗ್ಲಿಗೆ ಬಂದೋನು ನೀನು. ನನ್ ಮನೆ ಮುದ್ದೆ ತಿಂದು ಇಷ್ಟೆತ್ತರ ಆಗಿ, ನಂಗೇ ಬುದ್ಧಿ ಏಳ್ತೀಯಾ?"

ಗಂಗರತ್ನಮ್ಮ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದಳು. ಗಿರಿ ತನ್ನ ಫೋನು ಜೇಬಿಗೆ ಹಾಕಿಕೊಂಡ. ವಾಲ್ವ್ ಕೀಯನ್ನು ಎಂದಿನಂತೆ ಬೈಕಿನ ಪಕ್ಕಕ್ಕೆ ಹಗ್ಗದಿಂದ ಬಿಗಿದ.

"ಬೈಕ್ ಅತ್ತು. ಅಂಗ್ಡಿಗೆ ಓಗಾನ. ಆ ಉಡುಗೀನೇ ಏಳ್ಲಿ."

ಕೆಂಪಾಪುರದಲ್ಲಿ ರೆಹಾನಾ ಆಗಷ್ಟೇ ಷಟರ್ ಎತ್ತಿ ಗಾಜು ಒರೆಸುತ್ತಿದ್ದಳು. ಚಿಕ್ಕಬೈರಪ್ಪ ಫೋನನ್ನು ಅವಳ ಮುಂದೆ ಕುಕ್ಕಿದ. "ಉರಿಯೋ ಫೋನು ಆಫ್ ಆಗೈತೆ ಅಂತಾನೆ ಇವ್ನು. ನಾನು ಇವ್ನಿಗೆ ಅದೇನೋ ಬ್ಲಾಕ್ ಮಾಡಿದ್ದೀನಂತೆ. ಮಾಡಿದ್ದೀನಾ? ಇದ್ದದ್ ಇದ್ದಂಗೆ ಏಳು."

ಅವಳು ಒಮ್ಮೆ ನೋಡಿದಳು, ಅಷ್ಟೆ.

"ಅಂಕಲ್, ಈ ವಿಮಾನ ಯಾರು ಒತ್ತಿದ್ದು?"

"ಅದು ನಮ್ಮ ಏರೋಡ್ರಮ್ಮು. ತಾನಾಗೇ ಬಂತು."

"ಏರೋಡ್ರಮ್ ಅಲ್ಲ ಅಂಕಲ್. ವಿಮಾನದಲ್ಲಿ ಕೂತೋರು ಒತ್ತೋದು ಇದು. ಇದಿದ್ರೆ ಫೋನ್ ಉರೀತಾ ಇರುತ್ತೆ, ಆದ್ರೆ ಯಾರ ಕಾಲೂ ಬರಲ್ಲ, ಯಾರ ಮೆಸೇಜೂ ಬರಲ್ಲ. ಮಾಡಿದೋರಿಗೆ ಸ್ವಿಚ್ ಆಫ್ ಅಂತ ಬರುತ್ತೆ."

ಅವಳು ಬೆರಳು ಸೋಕಿಸಿದಳು. ವಿಮಾನ ಹೋಯಿತು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. ಎರಡು ದಿನದ ಗುಲಾಬಿಗಳು, ಲಿಫ್ಟ್ ಗುಂಡಿಯ ಫೋಟೋ, ಮುಳುಗಿದ ಚಕ್ರದ ಫೋಟೋ, ಗಿರಿ ಕರೆ ಮಾಡಿದ್ದ ಎಂದು ಹೇಳುವ ಮೆಸೇಜುಗಳು ಒಂದರ ಹಿಂದೊಂದು.

"ಅದಕ್ಕೇ ಚಾರ್ಜ್ ಇಳೀಲಿಲ್ಲ ಅಂಕಲ್. ಅದು ಕೆಲಸಾನೇ ಮಾಡ್ತಿರಲಿಲ್ವಲ್ಲ."

ಚಿಕ್ಕಬೈರಪ್ಪ ಜೋರಾಗಿ ನಕ್ಕುಬಿಟ್ಟ. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿತ್ತು. "ನೋಡ್ದೇನೋ ಗಿರಿ? ನೀನೂ ಸುಳ್ಳು ಏಳಿಲ್ಲ, ನಾನೂ ಸುಳ್ಳು ಏಳಿಲ್ಲ! ಎಲ್ಲಾ ಆ ವಿಮಾನದ್ದು! ನಡಿ, ಇಬ್ರೂ ಓಗಿ ಗುಂಡಿ ನೀರು ಎತ್ಸಾನ. ಮೇಡಮ್ಮಿಗೆ ನಾನೇ ಏಳ್ತೀನಿ. ನಾಳೆ ಸಂಘದ ಮೀಟಿಂಗಲ್ಲಿ ಈ ಉಡುಗೀನೇ ಕರ್ಕೊಂಡೋಗಿ ಏಳ್ಸಾನ."

ಗಿರಿ ನಗಲಿಲ್ಲ. ಹೊರಗೆ ಹೋಗಿ ಬೈಕಿಗೆ ಬಿಗಿದಿದ್ದ ಹಗ್ಗ ಬಿಚ್ಚಿದ. ವಾಲ್ವ್ ಕೀಯನ್ನು ತಂದು ಷಟರಿನ ಪಕ್ಕದ ಗೋಡೆಗೆ ಒರಗಿಸಿ, ಜಾರಿ ಬೀಳದಂತೆ ಬುಡಕ್ಕೊಂದು ಕಲ್ಲು ಕೊಟ್ಟ.

"ಮಧ್ಯಾಹ್ನ ಊಟಕ್ಕೆ ಕಾಯೋದು ಬೇಡ ಅಂತ ಅಕ್ಕಂಗೆ ಏಳು," ಎಂದ.

"ಯಾಕ್ಲಾ? ಅದ್ಯಾಕೆ ಬಿಚ್ಚಿದೆ? ಬೈಕ್ ತಿರುಗಿಸ್ಕೊಂಡು ಬಾ, ಓಗಾನ."

ಗಿರಿ ಬೈಕು ಹತ್ತಿ ಹೆಬ್ಬಾಳದ ಕಡೆ ಹೋದ. ಚಿಕ್ಕಬೈರಪ್ಪ ಬೈಕು ತಿರುಗಿ ಬರುವುದನ್ನು ಕಾಯುತ್ತಾ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಅಲ್ಲಿಂದ ಜಕ್ಕೂರಿನ ಕಡೆ ತಿರುಗಬೇಕಾದರೆ ಫ್ಲೈಓವರಿನ ಕೆಳಗೆ ಹೋಗಿ ಸುತ್ತಿ ಬರಬೇಕು. ಶನಿವಾರದ ಟ್ರಾಫಿಕ್ಕು, ಹೊತ್ತು ಹಿಡಿಯುತ್ತದೆ. ತಲೆಯೊಳಗೆ ಅವನ ಜೊತೆಗೇ ಒಂದು ಸುತ್ತು ಬಂದ. ಇನ್ನೊಂದು ಸುತ್ತೂ ಬಂದ.

"ಎಲ್ಲಾ ಸರಿಯಾಯ್ತಲ್ಲಮ್ಮ?" ಎಂದು ರೆಹಾನಾಳನ್ನು ಕೇಳಿದ. "ಯಾರ್ದೂ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ?"

"ಫೋನು ಸರಿ ಇದೆ ಅಂಕಲ್," ಎಂದಳು ಅವಳು.

ಗಿರಿಗೆ ಒಂದು ರಿಂಗು ಕೊಟ್ಟು ಕಟ್ ಮಾಡಿದ. ಕಾದ. ಆಮೇಲೆ ಪೈಪು ಒಡೆದಾಗ ಮಾಡುವಂತೆ ಬಿಡದೆ ಮಾಡಿದ. ಅತ್ತ ರಿಂಗಾಗುವುದು ಚೆನ್ನಾಗಿ ಕೇಳಿಸುತ್ತಿತ್ತು. ರಿಂಗಾಗಿ ಆಗಿ ತಾನಾಗೇ ನಿಂತಿತು. ಮತ್ತೆ ಮಾಡಿದ.

ಮೀಟಿಂಗು ನಾಳೆ. ನೀರು ಬಿಡುವ ದಿನ ಸೋಮವಾರ. ಚಿಕ್ಕಬೈರಪ್ಪ ಕೀಯನ್ನು ಎಳೆದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೆಬ್ಬಾಳದ ಕಡೆಯಿಂದ ಬರುವ ಬೈಕುಗಳನ್ನೆಲ್ಲ ನೋಡುತ್ತಾ ಕೂತ. ರೆಹಾನಾ ಊಟಕ್ಕೆಂದು ಷಟರ್ ಅರ್ಧ ಇಳಿಸಿದಾಗ ಫೋನಿನ ಚಾರ್ಜು ಅರವತ್ತರ ಕೆಳಕ್ಕೆ ಇಳಿದಿತ್ತು. ಗಿರಿ ಬರಲಿಲ್ಲ.