ಬಿಳಿಯ ಕಣ್ಣು ಕಿಟಕಿಯ ಕಡೆಗೆ

೧
ಈ ಕಥೆಯನ್ನು ಗದಿಗೆಪ್ಪನ ಯಾವ ಕಣ್ಣಿನಿಂದ ಶುರು ಮಾಡುವುದು? ಎಡಗಣ್ಣು ಏನನ್ನೂ ಕಾಣದು. ಐದು ವರ್ಷದ ಹಿಂದೆ ಅಲ್ಲಿ ಕ್ಯಾನ್ಸರ್ ಎಂದು ಕಣ್ಣು ತೆಗೆದು, ಕೃತಕ ಕಣ್ಣು ಕೂರಿಸಿದ್ದಾರೆ. ಬಲಗಣ್ಣನ್ನು ಅವನು ಇವತ್ತು ಯಾರಿಗೂ ತೋರಿಸಲೊಲ್ಲ.

೨ (ಹೊಡೆದುಹಾಕಿದ ಆರಂಭ)
ಕಣ್ಣಿನಲ್ಲಿ ಹುಟ್ಟಿದ ವ್ಯಾಧಿ ಯಕೃತ್ತಿನಲ್ಲಿ ನೆಲೆಯೂರಿತು...

"ಲಿವರ್ ಅನ್ರಿ ಸಾರ್," ಎಂದು ನಾನು ಬರೆಯುತ್ತಿದ್ದಂತೆ ಗದಿಗೆಪ್ಪ ಬಾಯಿ ಹಾಕಿದ. "ಯಕೃತ್ತು ಅಂದ್ರ ಯಾವುದೋ ಋಷಿ ಹೆಸರಿದ್ದಂಗ ಐತಿ."

ಸರಿ, ಲಿವರ್. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಔಷಧವನ್ನು ನೇರ ಲಿವರಿಗೇ ಬಿಟ್ಟ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದ್ದರು: ಗಡ್ಡೆಯ ಜೊತೆ ಲಿವರಿಗೂ ಪೆಟ್ಟಾಗಬಹುದು. ಕಣ್ಣು ಹಳದಿಯಾದರೆ ತಕ್ಷಣ ಬನ್ನಿ, ತಡವಾದರೆ ನಮ್ಮ ಕೈಯಲ್ಲಿಲ್ಲ.

೩
ಹಳದಿಯಾದದ್ದು ಆಯುಧಪೂಜೆಯ ಬೆಳಿಗ್ಗೆಯೇ. ಪೀಣ್ಯದ ಗೇರ್ ಫ್ಯಾಕ್ಟರಿಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವ ಕೆಲಸ ಗದಿಗೆಪ್ಪನದು. ಪ್ರತಿವರ್ಷ ಮಷೀನುಗಳಿಗೆ ವಿಭೂತಿ ಹಚ್ಚಿ ಕುಂಬಳಕಾಯಿ ಒಡೆಯುವವನೂ ಅವನೇ. ರಜೆಯಲ್ಲಿದ್ದರೂ ಹೋಗಿಯೇ ಸಿದ್ಧ ಎಂಬ ಹಟ. ಹೆಂಡತಿ ಮಹಾಂತಮ್ಮ ದಿನಾ ರೆಪ್ಪೆ ಎಳೆದು ನೋಡುತ್ತಾಳೆ. ಅದಕ್ಕೇ ಬಾಗಲಗುಂಟೆಯ ಮನೆಯ ಕಿಟಕಿಯ ಬಳಿ ಎಡಕೆನ್ನೆಯನ್ನು ಬೆಳಕಿಗೆ ಕೊಟ್ಟು ಕೂತ.

(ಓದುಗರೇ, ನಗಬೇಡಿ. ಹೆಂಡತಿಗೆ ಕೃತಕ ಕಣ್ಣು ತೋರಿಸಿ ಪಾರಾಗಬಹುದೆಂದು ನಂಬಿದವನು ಹೆದರಿದ್ದಾನೆ.)

"ಬೆಳ್ಳಗೈತಿ ನೋಡು."

"ಐತಿ. ಐದು ವರ್ಷದಿಂದ ಐತಿ. ತೊಳಿಯಾಕಿ ನಾನಲ್ಲೇನು? ಈ ಕಡೆ ಹೊಳ್ರಿ."

"ಆ ಕಡೆ ಬೆಳಕ ಸಾಲೂದಿಲ್ಲ."

"ಹೊಳ್ರಿ ಅಂದೆ."

ಹೊರಳಿದ. ಅವಳು ಗಲ್ಲ ಹಿಡಿದು ಎರಡೂ ಕಣ್ಣನ್ನು ಒಟ್ಟಿಗೆ ಬೆಳಕಿಗೆ ತಂದಳು.

"ಮಾಲು ಒಂದ ನೋಡಿದ್ರ ತಿಳಿಯೂದಿಲ್ಲ, ತಪ್ಪಿಲ್ಲದ ಮಾಸ್ಟರ್ ಪೀಸ್ ಬಾಜೂಕ ಇಟ್ಟು ನೋಡಬೇಕಂತ ನೀವ ಹೇಳ್ತಿದ್ರೆಲ್ಲ? ನೋಡೀನಿ. ರಿಜೆಕ್ಟ್. ಏಳ್ರಿ, ದವಾಖಾನಿಗೆ."

"ಕುಂಬಳಕಾಯಿ ಒಡದು ಹೋಗೂಣು, ಮಾರಾಯ್ತಿ. ಮಷೀನ ದಾರಿ ಕಾಯ್ತಿರ್ತಾವ."

"ಕಾಯ್ಲಿ. ಅವಕ್ಕ ಸ್ಪೇರ್ ಸಿಗತಾವ."

೪
ಇಲ್ಲಿ ಮಹಾಂತಮ್ಮ ಅಳುತ್ತಾಳೆ ಎಂದು ಬರೆದಿದ್ದೆ. ರಿಪೋರ್ಟು ಹುಡುಕುತ್ತಿದ್ದವಳು ನನ್ನ ಕಡೆ ತಿರುಗಿ, "ನಂಗ ಪುರಸೊತ್ತಿಲ್ಲ, ಬೇಕಂದ್ರ ನೀವ ಅತ್ಗೊಳ್ರಿ," ಎಂದಳು.

೫
ಆಟೊ ಚಿಕ್ಕಬೈರಪ್ಪನದು. ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು, ಪೂಜೆ ಆಗಿರಲಿಲ್ಲ.

"ಅಣ್ಣ, ನಿಮ್ ಕೈಯಿಂದ್ಲೇ ವಿಭೂತಿ ಇಟ್ಬಿಡಿ," ಎಂದ.

ಗದಿಗೆಪ್ಪ ಮಹಾಂತಮ್ಮನ ಮುಖ ನೋಡಿದ. ಅವಳು ಚೀಲದಿಂದ ವಿಭೂತಿಯ ಗಟ್ಟಿ ತೆಗೆದುಕೊಟ್ಟಳು. ರಿಪೋರ್ಟಿಗಿಂತ ಮೊದಲೇ ಅದನ್ನು ಹಾಕಿಕೊಂಡಿದ್ದಳು. ಹ್ಯಾಂಡಲಿಗೆ ಮೂರು ಬೆರಳು, ಮೀಟರಿಗೆ ಮೂರು ಬೆರಳು. ನಿಂಬೆಹಣ್ಣು ಪಚಕ್ಕೆಂದಿತು.

ಎಲ್ಲಿ ಹೋದರೂ ಅವಳು ಅವನ ಎಡಕ್ಕೆ ಇರುವವಳು, ಕಾಣದ ಪಕ್ಕ ಕಾಯಲು. ಇವತ್ತು ಬಲಕ್ಕೆ ಕೂತಳು.

"ಈ ಕಡೆ ಯಾಕ?"

"ಆ ಕಡೆ ಕುಂತ್ರ ನಾ ನಿಮಗ ಕಾಣೂದಿಲ್ಲಲ."

೬
ಒಂದು ಮುಕ್ತಾಯ: ಬರೀ ಔಷಧದ ಪೆಟ್ಟು, ಲಿವರ್ ಚೇತರಿಸಿಕೊಳ್ಳುತ್ತದೆ, ಬರುವ ವರ್ಷ ಕುಂಬಳಕಾಯಿ ಅವನದೇ. ಇನ್ನೊಂದನ್ನೂ ಬರೆದೆ. ಮಹಾಂತಮ್ಮ ಓದಿ, ಹಾಳೆ ಮಡಚಿ, ಅದರ ಮೇಲೆ ಕೂತಳು.

ತಲೆಯ ಮೇಲೆ ಹೊಸ ಮೆಟ್ರೊ ಹಾದುಹೋಯಿತು. ಜಾಲಹಳ್ಳಿ ಕ್ರಾಸಿನಲ್ಲಿ ಆಟೊ ನಿಂತಿದೆ.

"ಎಲ್ಲೀ ತನಕ ಬರದೀರಿ ಸಾರ್?" ಎಂದ ಗದಿಗೆಪ್ಪ.

"ಈ ಸಿಗ್ನಲ್ ತನಕ."

"ಇನ್ನೂ ಕೆಂಪೈತಲ್ರಿ."

"ಇರಲಿ. ನೀವಿಬ್ಬರೂ ಮಾತಾಡ್ತಿರಿ."